ದಾಳ ಉರುಳದ ಚಿತ್ರಗಳು

ಕಳೆದ ದಸರಾ ರಜೆಯಲ್ಲಿ ಬೆಂಗಳೂರಿನ ತಂಗಿಯ ಮನೆಗೆ ಹೋಗಿದ್ದಾಗ, ಒಂದು ಭಾನುವಾರ ಸಂಜೆ ಅವಳ ಮಗನೂ ಅವನ ಸ್ನೇಹಿತರೂ ನಡುಮನೆಯ ಮೇಜಿನ ಸುತ್ತ ಕುಳಿತು ಒಂದು ಹಾಳು ಕೋಟೆಯನ್ನು ಹೊಕ್ಕಿದ್ದರು. ಕೋಟೆ ಎಲ್ಲಿಯೂ ಇರಲಿಲ್ಲ. ಒಬ್ಬ ಹುಡುಗ ಅದನ್ನು ಮಾತಿನಲ್ಲಿ ವರ್ಣಿಸುತ್ತಿದ್ದ. ಉಳಿದವರು ತಾವು ಏನು ಮಾಡುವೆವೆಂದು ಹೇಳುತ್ತಿದ್ದರು. ಆಗುವುದೋ ಆಗದೋ ಎಂಬ ಸಂದೇಹ ಬಂದಾಗ ಇಪ್ಪತ್ತು ಮುಖಗಳ ದಾಳವೊಂದು ಉರುಳಿ ತೀರ್ಪು ಕೊಡುತ್ತಿತ್ತು. ಆ ದಿನ ಒಬ್ಬ ಬಂದಿರಲಿಲ್ಲವಾಗಿ, ಅವನ ಪಾತ್ರವಾದ ಮುದಿ ಪೂಜಾರಿಯನ್ನು ನನ್ನ ಕೊರಳಿಗೆ ಕಟ್ಟಿದರು. ದಾರಿಯಲ್ಲಿ ಒಂದು ಹೊಳೆ. ಈಜುವುದಕ್ಕಿಂತ ಹಗ್ಗ ಕಟ್ಟುವುದು ಲೇಸೆಂದು ಮೇಷ್ಟರ ಸ್ವಭಾವಕ್ಕೆ ತಕ್ಕ ಉಪದೇಶ ಮಾಡಿ ನಾನೇ ಮೊದಲು ಇಳಿದೆ. ದಾಳದಲ್ಲಿ ಒಂದು ಬಿತ್ತು. ಮತ್ತೆರಡು ಸಲ ಉರುಳಿಸಿದರೂ ಅದು ಮನಸ್ಸು ಬದಲಿಸಲಿಲ್ಲ. “ಮಾವ, ನಿಮ್ಮ ಪೂಜಾರಿ ನೀರುಪಾಲಾದ,” ಎಂದ ತಂಗಿಯ ಮಗ, ಬಹಳ ಮರ್ಯಾದೆಯಿಂದ.

ನಾಚಿಕೆ ಬಿಟ್ಟು ಹೇಳುತ್ತೇನೆ. ಒಂದು ಗಂಟೆಯ ಪರಿಚಯದ ಆ ಪೂಜಾರಿಯ ಸಾವು ಎರಡು ದಿನ ನನ್ನನ್ನು ಕಾಡಿತು. ಅದೇ ವಾರ ಆ ಹುಡುಗರು ಈ ಆಟದಿಂದ ಹುಟ್ಟಿದ ಚಲಚ್ಚಿತ್ರಗಳನ್ನೂ ಕಿರುತೆರೆಯ ಮಾಲಿಕೆಗಳನ್ನೂ ಒಂದೊಂದಾಗಿ ನನಗೆ ತೋರಿಸಿದರು. ಅವುಗಳಲ್ಲಿ ಸೈನ್ಯಗಳೇ ಸುಟ್ಟು ಬೂದಿಯಾದುವು; ನಾನು ಕಾಫಿ ಕುಡಿಯುತ್ತ ನೋಡಿದೆ. ಈ ವ್ಯತ್ಯಾಸ ನನ್ನ ಕಠಿನ ಹೃದಯದ ದೋಷವೋ, ಚಿತ್ರಗಳ ದೋಷವೋ ಎಂದು ಯೋಚಿಸಿದ್ದರ ಫಲ ಈ ಲೇಖನ.

ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿದ್ದು. ಒಂದು ಪೆಟ್ಟಿಗೆ, ಒಳಗೆ ಮೂರು ಕಿರುಹೊತ್ತಗೆ. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಪ್ರಕಟಿಸಿದ ಟಿ.ಎಸ್.ಆರ್. ಸಂಸ್ಥೆಯನ್ನು ೧೯೯೭ರಲ್ಲಿ ‘ವಿಝರ್ಡ್ಸ್ ಆಫ್ ದಿ ಕೋಸ್ಟ್’ ಕೊಂಡಿತು. ಅದನ್ನು ೧೯೯೯ರಲ್ಲಿ ಆಟಿಕೆಗಳ ದೊಡ್ಡ ವ್ಯಾಪಾರಿಯಾದ ಹ್ಯಾಸ್ಬ್ರೋ ಕೊಂಡಿತು. ಹೀಗೆ ಕೈ ಬದಲಿಸುತ್ತ ಬಂದ ಆಸ್ತಿ ಏನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಹೊತ್ತಗೆಗಳಲ್ಲಿ ಕಥೆ ಇಲ್ಲ. ಇಂಥ ಕತ್ತಿಗೆ ಇಷ್ಟು ಏಟು, ಇಂಥ ಮಂತ್ರಕ್ಕೆ ಇಷ್ಟು ದೂರ. ತೇಲುವ ತಲೆಯ ‘ಬಿಹೋಲ್ಡರ್’ ಭೂತಕ್ಕೆ ನಡುವೆ ಒಂದು ದೊಡ್ಡ ಕಣ್ಣು, ಮೇಲೆ ಕಡ್ಡಿಗಳ ತುದಿಯಲ್ಲಿ ಹತ್ತು ಸಣ್ಣ ಕಣ್ಣು—ಹೀಗೆ ಸೂತ್ರಗಳು, ಪಟ್ಟಿಗಳು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಲಕ್ಷಣಗ್ರಂಥ. ಲಕ್ಷ್ಯವಾದ ಕಥೆ ಪ್ರತಿ ಮನೆಯ ಪ್ರತಿ ಮೇಜಿನ ಮೇಲೆ ಬೇರೆ ಬೇರೆಯಾಗಿ ಹುಟ್ಟಿ ಅಲ್ಲಿಯೇ ಮುಗಿಯುತ್ತದೆ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ರಂಗಕ್ಕೇರಿಸುತ್ತೇನೆಂದು ಯಾರಾದರೂ ಹೊರಟರೆ ನಾವು ನಗುತ್ತೇವೆ, ಅದರಲ್ಲಾದರೂ ಕವಿಪ್ರಯೋಗಗಳಿವೆ. ಈ ಆಟದ ಹಕ್ಕು ಕೊಂಡವರು ಹೊರಟದ್ದು ಹೆಚ್ಚು ಕಡಿಮೆ ಅಂಥದೇ ಕೆಲಸಕ್ಕೆ.

ಮೊದಲ ಯತ್ನ ಕಿರುತೆರೆಯದು. ೧೯೮೩ರಿಂದ ೧೯೮೫ರವರೆಗೆ ಸಿ.ಬಿ.ಎಸ್. ಜಾಲದಲ್ಲಿ ೨೭ ಕಂತುಗಳಾಗಿ ಬಂದ ಮಕ್ಕಳ ವ್ಯಂಗ್ಯಚಿತ್ರ ಮಾಲಿಕೆ. ಜಾತ್ರೆಯ ಒಂದು ಸವಾರಿಯನ್ನೇರಿದ ಆರು ಮಕ್ಕಳು ಮಾಯಾಲೋಕಕ್ಕೆ ಬೀಳುತ್ತಾರೆ. ಆಟದ ಸೂತ್ರಧಾರನು ಇಲ್ಲಿ ಒಗಟಿನಲ್ಲಿ ಮಾತಾಡುವ ಕುಳ್ಳ ಮುದುಕ. ಪ್ರಸಾರವಾದ ಕಂತುಗಳಲ್ಲಿ ಆ ಮಕ್ಕಳು ಮನೆ ಸೇರಲೇ ಇಲ್ಲ. ಕಡೆಯ ಕಥೆ ಬರೆದಿಟ್ಟದ್ದು ಚಿತ್ರವಾಗಲಿಲ್ಲ. ಇದರಲ್ಲಿ ಎರಿಕ್ ಎಂಬ ಹುಡುಗನೊಬ್ಬನಿದ್ದಾನೆ. ಗುಂಪು ‘ಹೋಗೋಣ’ ಎಂದರೆ ಇವನು ‘ಬೇಡ’ ಎನ್ನುತ್ತಾನೆ. ಪ್ರತಿ ಸಲವೂ ಗುಂಪೇ ಸರಿ, ಇವನೇ ತಪ್ಪು. ಮಕ್ಕಳ ಕಾರ್ಯಕ್ರಮಗಳಲ್ಲಿ ಗುಂಪಿನೊಡನೆ ಹೊಂದಿಕೊಂಡು ಹೋಗುವ ನೀತಿಯನ್ನು ಬೋಧಿಸಬೇಕೆಂಬ ಒತ್ತಾಯದಿಂದ ಈ ಪಾತ್ರ ಹೀಗಾಯಿತೆಂದು, ಮಾಲಿಕೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಮಾರ್ಕ್ ಎವಾನಿಯರ್ ಅವರೇ ಮುಂದೆ ಬರೆದಿದ್ದಾರೆ. ಮೇಜಿನ ಸುತ್ತ ಕುಳಿತಾಗ ನಾನು ಕಂಡದ್ದು ಇದಕ್ಕೆ ತೀರ ವಿರುದ್ಧ. ಅಲ್ಲಿ ‘ಬೇಡ’ ಎನ್ನುವವನಿಂದಲೇ ಕಥೆ ತಿರುಗುತ್ತಿತ್ತು. ಭಿನ್ನಮತವೇ ಪ್ರಾಣವಾದ ಆಟವನ್ನು ಒಮ್ಮತದ ಪಾಠವಾಗಿಸಿದ್ದು ವಿಚಿತ್ರವೇ ಸರಿ.

೨೦೦೦ದ ಚಲಚ್ಚಿತ್ರದ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಕೋರ್ಟ್ನಿ ಸಾಲೊಮನ್ ಎಂಬ ತರುಣ ಹಕ್ಕನ್ನು ಪಡೆದು ವರ್ಷಗಟ್ಟಲೆ ಹೆಣಗಾಡಿ ನಿರ್ದೇಶಿಸಿದ ಕೃತಿ; ಆ ಹೆಣಗಾಟದ ಕಥೆ ಚಿತ್ರದ ಕಥೆಗಿಂತ ಸ್ವಾರಸ್ಯವಾಗಿರಬೇಕು. ಜೆರೆಮಿ ಐರನ್ಸ್ ಅವರಂಥ ಸಮರ್ಥ ನಟರು ಖಳ ಮಾಂತ್ರಿಕನಾಗಿ ಅರಚಿದ್ದಾರೆ. ಬಿಹೋಲ್ಡರನ ದರ್ಶನ ಕ್ಷಣಮಾತ್ರ ಆಗುತ್ತದೆ. ಅದರಿಂದ ಕಥೆಗೆ ಆಗಬೇಕಾದ್ದು ಏನೂ ಇಲ್ಲ. ಪಟ್ಟಿಯಲ್ಲಿದೆ, ಆದ್ದರಿಂದ ಪರದೆಯಲ್ಲಿದೆ. ಸುಮಾರು ನಾಲ್ಕೂವರೆ ಕೋಟಿ ಡಾಲರು ವೆಚ್ಚದ ಚಿತ್ರ ಅಷ್ಟನ್ನೂ ಮರಳಿ ತರಲಿಲ್ಲ. ೨೦೦೫ರಲ್ಲಿ, ೨೦೧೨ರಲ್ಲಿ ಮತ್ತೆರಡು ಬಂದುವು; ಎರಡನೆಯದು ಅರ್ಧದಲ್ಲಿದ್ದಾಗಲೇ ಹುಡುಗರು ನಿದ್ದೆ ಹೋದರು.

೨೦೨೩ರ ‘ಆನರ್ ಅಮಾಂಗ್ ಥೀವ್ಸ್’ ಬೇರೆಯ ಜಾತಿಯದು. ಜೊನಾಥನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫ್ರಾನ್ಸಿಸ್ ಡೇಲಿ ಎಂಬ ನಿರ್ದೇಶಕದ್ವಯರು ಆಟದ ಸ್ವಭಾವವನ್ನು ಬಲ್ಲವರು. ಕ್ರಿಸ್ ಪೈನ್ ವಹಿಸಿದ ಎಡ್ಜಿನ್ ಹಾಡುಗಾರ, ಕಳ್ಳ. ಅವನ ವೃತ್ತಿ ಉಪಾಯ ಹೂಡುವುದು, ಅವನ ಹಣೆಬರಹ ಅದು ಕೆಡುವುದು. ಮೊದಲ ದೃಶ್ಯದಲ್ಲಿಯೇ ಸೆರೆಮನೆಯಿಂದ ಹಾರಿಹೋಗಲು ಒಬ್ಬ ಪಕ್ಷಿಮಾನವನಿಗಾಗಿ ಕಾದು, ಅವನನ್ನು ಅಪ್ಪಿಕೊಂಡು ಕಿಟಕಿಯಿಂದ ಧುಮುಕುತ್ತಾನೆ. ಅದೇ ಹೊತ್ತಿಗೆ ಹಿಂದೆ ಅಧಿಕಾರಿಗಳು ಅವನಿಗೆ ಕ್ಷಮಾದಾನ ಮಂಜೂರು ಮಾಡಿರುತ್ತಾರೆ! ಮಸಣದ ದೃಶ್ಯವಂತೂ ನಿಜವಾದ ಹಾಸ್ಯ. ಮಂತ್ರಬಲದಿಂದ ಎದ್ದ ಹೆಣಕ್ಕೆ ಐದೇ ಪ್ರಶ್ನೆ ಹಾಕಬಹುದು; ನಮ್ಮವರು ‘ಅದನ್ನೂ ಪ್ರಶ್ನೆಯೆಂದು ಲೆಕ್ಕ ಹಿಡಿದೆಯಾ?’ ಎಂಬ ಬಗೆಯ ಮಾತಿನಲ್ಲಿಯೇ ಪ್ರಶ್ನೆಗಳನ್ನು ಕಳೆದುಕೊಂಡು ಮತ್ತೊಂದು ಗೋರಿಯನ್ನು ಅಗೆಯುತ್ತಾರೆ. ಲಕ್ಷಣಗ್ರಂಥದ ಒಣ ಸೂತ್ರವೊಂದು ಇಲ್ಲಿ ರಸವಾಗಿದೆ. ಸೂತ್ರವನ್ನು ಮನುಷ್ಯರು ಹೇಗೆ ಎಡವುತ್ತಾರೆಂಬುದನ್ನು ಕಂಡಿದ್ದರಿಂದಲೇ ಇದು ಸಾಧ್ಯವಾಯಿತು.

ಇಷ್ಟಾದರೂ ನನಗೊಂದು ತಕರಾರಿದೆ. ನಮ್ಮ ಭಾರತದಲ್ಲಿ ದಾಳ ಕಥೆಯ ಒಳಗಿದೆ. ಶಕುನಿಯ ದಾಳ ತಪ್ಪುವುದಿಲ್ಲ, ಏಕೆಂದರೆ ಅದರ ಬೆನ್ನಿಗೆ ಕವಿಯ ಸಂಕಲ್ಪವೇ ಇದೆ. ಈ ಆಟದಲ್ಲಾದರೋ ದಾಳ ಕಥೆಯ ಹೊರಗಿದೆ, ಕವಿಯ ತಲೆಯ ಮೇಲೆ ಕುಳಿತಿದೆ. ನನ್ನ ಪೂಜಾರಿ ಮುಳುಗಿದಾಗ ಸೂತ್ರಧಾರನಾದ ಹುಡುಗನ ಮುಖವೂ ಪೆಚ್ಚಾಯಿತು; ಮುಂದೆ ಅವನು ಹೂಡಿಟ್ಟಿದ್ದ ಗುಡಿಯ ಪ್ರಸಂಗಕ್ಕೆ ಪೂಜಾರಿಯೇ ಬೇಕಾಗಿತ್ತಂತೆ. ಹೇಳುವವನಿಗೂ ತಿಳಿಯದ ಕಥೆ ಅದು. ಚಿತ್ರದಲ್ಲಿ ಉಪಾಯ ಕೆಟ್ಟಾಗ ಅದು ಕೆಡಬೇಕೆಂದು ಬರೆದಿದ್ದರಿಂದ ಕೆಟ್ಟಿತು ಎಂಬುದು ಎಲ್ಲರಿಗೂ ಗೊತ್ತು. ಸೋಲನ್ನು ಎಷ್ಟು ಜಾಣತನದಿಂದ ಬರೆದರೂ ಅದು ಅಭಿನಯಿಸಿದ ಸೋಲು. ಸುಮಾರು ಹದಿನೈದು ಕೋಟಿ ಡಾಲರಿನ ವೆಚ್ಚಕ್ಕೆ ಇಪ್ಪತ್ತು ಕೋಟಿಯ ಆಸುಪಾಸಿನ ಗಳಿಕೆ ಬಂತು. ಚಿತ್ರಮಂದಿರಗಳ ಪಾಲು ಕಳೆದರೆ ವ್ಯಾಪಾರಿಗಳಿಗೆ ಅದು ಸಂತೋಷದ ಸಂಗತಿಯಲ್ಲ. ಅದೇ ವರ್ಷ ಜನವರಿಯಲ್ಲಿ ಪ್ಯಾರಮೌಂಟ್‌ನವರು ಒಪ್ಪಿದ್ದ ಎಂಟು ಕಂತುಗಳ ಮಾಲಿಕೆಯನ್ನೂ ಮುಂದೆ ಕೈಬಿಟ್ಟರು.

ಹಾಗಾದರೆ ಮೇಜಿನ ಜೀವ ಪರದೆಗೆ ಬರುವುದೇ ಇಲ್ಲವೆ? ಬಂದದ್ದುಂಟು, ಆದರೆ ಒಡೆಯರ ಬಾಗಿಲಿನಿಂದ ಬರಲಿಲ್ಲ. ಜಪಾನಿನಲ್ಲಿ ೧೯೮೬ರಲ್ಲಿ ರ್‍ಯೋ ಮಿಜುನೊ ಮತ್ತು ಅವರ ಗೆಳೆಯರು ತಾವು ಆಡಿದ ಈ ಆಟವನ್ನು, ಆಡಿದ ಮಾತುಗಳ ಸಮೇತ, ‘ಕಾಂಪ್ಟಿಕ್’ ಎಂಬ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅದರಿಂದ ೧೯೮೮ರಲ್ಲಿ ಕಾದಂಬರಿ, ೧೯೯೦–೯೧ರಲ್ಲಿ ಹದಿಮೂರು ಕಂತುಗಳ ‘ರೆಕಾರ್ಡ್ ಆಫ್ ಲೋಡೋಸ್ ವಾರ್’. ಅದರ ನಾಯಿಕೆ, ಉದ್ದ ಕಿವಿಯ ವನಕನ್ಯೆ ಡೀಡ್‌ಲಿಟ್, ಆ ದೇಶದಲ್ಲಿ ಮನೆಮಾತಾದವಳು. ಮೇಜಿನಲ್ಲಿ ಅವಳಾಗಿ ಆಡಿದ್ದವರು ಹಿರೋಶಿ ಯಾಮಾಮೊಟೊ ಎಂಬ ಗಂಡಸು, ವಿಜ್ಞಾನಕಥೆಗಾರರು! ಯಕ್ಷಗಾನದ ಸ್ತ್ರೀವೇಷವನ್ನು ಬಲ್ಲ ನಮಗೆ ಇದು ಅಚ್ಚರಿಯೇನಲ್ಲ. ಆ ಗೆಳೆಯರು ಮುಂದೆ ತಮ್ಮದೇ ನಿಯಮಾವಳಿಯನ್ನೂ ರಚಿಸಿಕೊಂಡರು. ಲಕ್ಷ್ಯ ಕೈಯಲ್ಲಿದ್ದವರಿಗೆ ಲಕ್ಷಣ ಬರೆದುಕೊಳ್ಳುವುದು ಕಷ್ಟವಾಗಲಿಲ್ಲ.

ಎರಡನೆಯದು ಅಮೆರಿಕದ್ದೇ. ಕಂಠದಾನ ಮಾಡುವ ಕೆಲವು ನಟನಟಿಯರು, ಮ್ಯಾಥ್ಯೂ ಮರ್ಸರ್ ಅವರನ್ನು ಸೂತ್ರಧಾರರನ್ನಾಗಿಟ್ಟುಕೊಂಡು, ಮನೆಯಲ್ಲಿ ಆಡುತ್ತಿದ್ದ ಆಟವನ್ನು ೨೦೧೫ರಿಂದ ‘ಕ್ರಿಟಿಕಲ್ ರೋಲ್’ ಎಂಬ ಹೆಸರಿನಲ್ಲಿ ಅಂತರ್ಜಾಲದಲ್ಲಿ ತೋರಿಸತೊಡಗಿದರು. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ಕುಳಿತು ಮಾತಾಡುವುದು, ಅದೂ ಒಂದೊಂದು ಸಲಕ್ಕೆ ಮೂರು ನಾಲ್ಕು ಗಂಟೆ. ಇದನ್ನು ಯಾರು ನೋಡುತ್ತಾರೆ ಎಂದು ಕೇಳುವವರು ದಕ್ಷಿಣ ಕನ್ನಡದಲ್ಲಿ ಒಂದು ರಾತ್ರಿ ತಾಳಮದ್ದಳೆಗೆ ಕೂರಬೇಕು. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು ಮಾತಿನಿಂದಲೇ ಕುರುಕ್ಷೇತ್ರವನ್ನು ಕಟ್ಟುತ್ತಾರೆ. ಭೇದವಿಷ್ಟೆ: ಕರ್ಣ ಬೀಳುವುದು ಅಲ್ಲಿ ಎಲ್ಲರಿಗೂ ಗೊತ್ತು, ಹೇಗೆ ವಾದಿಸಿ ಬೀಳುತ್ತಾನೆಂಬುದೇ ಸ್ವಾರಸ್ಯ, ಇಲ್ಲಿ ಬೀಳುವನೋ ಇಲ್ಲವೋ ಎಂಬುದೇ ತಿಳಿಯದು. ಮೊದಲ ಕಥೆ ೧೧೫ ಕಂತು ನಡೆಯಿತು. ೨೦೧೯ರಲ್ಲಿ ಅದರ ಒಂದು ತುಣುಕನ್ನು ವ್ಯಂಗ್ಯಚಿತ್ರವಾಗಿಸಲು ಏಳೂವರೆ ಲಕ್ಷ ಡಾಲರು ಬೇಕೆಂದು ಜನರನ್ನು ಕೇಳಿದರು. ಬಂದದ್ದು ಒಂದು ಕೋಟಿ ಹದಿಮೂರು ಲಕ್ಷಕ್ಕೂ ಮಿಕ್ಕು. ೨೦೨೨ರ ಜನವರಿಯಲ್ಲಿ ಅಮೆಜಾನ್ ಮೂಲಕ ಬಂದ ‘ದಿ ಲೆಜೆಂಡ್ ಆಫ್ ವಾಕ್ಸ್ ಮಾಕಿನಾ’ ಅದರ ಫಲ. ಈ ಮಾಲಿಕೆಯ ಹೆಸರಿನಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಇಲ್ಲ. ಇದರ ಬಯ್ಗುಳ ನನಗೆ ಹಿಡಿಸಲಿಲ್ಲ, ನೆತ್ತರೂ ಅಗತ್ಯಕ್ಕಿಂತ ಹೆಚ್ಚು. ಆದರೆ ಇದರಲ್ಲಿ ಗಾಯಗೊಂಡವರನ್ನು ಕಂಡಾಗ ನಾನು ಕಾಫಿಯ ಲೋಟ ಕೆಳಗಿಟ್ಟೆ. ಈ ಜನ ಒಂದು ಕಾಲದಲ್ಲಿ ದಾಳದ ಬಾಯಿಯಿಂದ ನಿಜವಾಗಿ ತಪ್ಪಿಸಿಕೊಂಡು ಬಂದವರು. ಹಣ ಕೊಟ್ಟವರಲ್ಲಿ ಬಹುಮಂದಿ ಅದನ್ನು ಕಣ್ಣಾರೆ ಕಂಡವರು.

ಒಡೆತನದ ಪ್ರಶ್ನೆ ಬರಿಯ ವಿಮರ್ಶಕನ ಕುತೂಹಲವಲ್ಲ. ಆಟದ ಸೂತ್ರಗಳ ಬಹುಭಾಗವನ್ನು ಯಾರು ಬೇಕಾದರೂ ಬಳಸಿ ಸ್ವಂತ ಕೃತಿ ರಚಿಸಬಹುದೆಂಬ ಮುಕ್ತ ಪರವಾನಗಿಯನ್ನು ೨೦೦೦ದಲ್ಲಿ ಕೊಟ್ಟಿದ್ದರು. ೨೦೨೩ರ ಜನವರಿಯಲ್ಲಿ, ಹೊಸ ಚಿತ್ರ ತೆರೆ ಕಾಣುವ ಮೊದಲು, ಅದನ್ನು ಬಿಗಿಗೊಳಿಸುವ ಕರಡು ಹೊರಬಿತ್ತು. ಆಟಗಾರರು ಸಿಡಿದೆದ್ದರು. ಆ ತಿಂಗಳು ಮುಗಿಯುವುದರೊಳಗೆ ಒಡೆಯರು ಹಿಂದೆ ಸರಿದು, ಹಳೆಯ ಪರವಾನಗಿಯನ್ನು ಉಳಿಸಿ, ಮೂಲಸೂತ್ರಗಳನ್ನು ‘ಕ್ರಿಯೇಟಿವ್ ಕಾಮನ್ಸ್’ ಎಂಬ ಸಾರ್ವಜನಿಕ ಒಪ್ಪಂದದಡಿ ಬಿಟ್ಟುಕೊಟ್ಟರು. ವ್ಯಾಕರಣಕ್ಕೆ ಬೇಲಿ ಹಾಕಿದರೆ ಭಾಷೆಯಾಡುವವರು ಸುಮ್ಮನಿರುವುದಿಲ್ಲ.

೨೦೨೩ರ ಚಿತ್ರದಲ್ಲಿ ಒಂದು ಕಲ್ಲುಸೇತುವೆಯಿದೆ. ಅದನ್ನು ದಾಟುವ ಜಟಿಲವಾದ ಕ್ರಮವನ್ನು ಒಬ್ಬ ವೀರ ಗಂಭೀರವಾಗಿ ವಿವರಿಸುತ್ತಿರುವಾಗ, ಮತ್ತೊಬ್ಬ ಮರೆತು ಒಂದು ಕಾಲಿಡುತ್ತಾನೆ. ಸೇತುವೆ ಪೂರ್ತಿ ಕುಸಿಯುತ್ತದೆ. ನಾನು ಮನಸಾರೆ ನಕ್ಕೆ. ತಂಗಿಯ ಮಗ ಮಾತ್ರ ಚಿತ್ರವನ್ನು ನಿಲ್ಲಿಸಿ, “ಇದು ಅನ್ಯಾಯ, ಮಾವ. ಒಂದು ಸಲವಾದರೂ ದಾಳ ಉರುಳಿಸಲು ಬಿಡಬೇಕಾಗಿತ್ತು,” ಎಂದ. ಸೂತ್ರಧಾರ ಹುಡುಗ ಒಪ್ಪಲಿಲ್ಲ. ಎಚ್ಚರಿಕೆ ಕೊಟ್ಟ ಮೇಲೂ ಕಾಲಿಟ್ಟವನಿಗೆ ದಾಳವೇಕೆ ಎಂಬುದು ಅವನ ವಾದ. ಚಿತ್ರದ ಉಳಿದ ಭಾಗವನ್ನು ನಾವು ಅಂದು ನೋಡಲಾಗಲಿಲ್ಲ.