ವಿಲ್ಕ್ಸನ ಮೈಸೂರು ಇತಿಹಾಸ: ಒಂದು ವಿಮರ್ಶೆ

ಮೈಸೂರಿನ ಇತಿಹಾಸವನ್ನು ಅಭ್ಯಸಿಸುವವರು ಮಾರ್ಕ್ ವಿಲ್ಕ್ಸನ ಗ್ರಂಥವನ್ನು ಬದಿಗಿಡುವಂತಿಲ್ಲ. 1810ರಿಂದ 1817ರವರೆಗಿನ ಅವಧಿಯಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಈ ಕೃತಿಯು ಮುಂದಿನ ಬರಹಗಾರರಿಗೆ ಮುಖ್ಯ ಆಕರವಾಯಿತು. ಲೂಯಿಸ್ ರೈಸನ ಗ್ಯಾಸೆಟಿಯರೂ ಇದಕ್ಕೆ ಋಣಿಯಾಗಿದೆ. ಆದರೆ ಆಕರವನ್ನು ಬಳಸುವ ಮುನ್ನ ಅದರ ಕರ್ತನು ಎಲ್ಲಿ ನಿಂತು ನೋಡಿದನೆಂಬುದನ್ನು ವಿಚಾರಿಸುವುದು ನಮ್ಮ ಕರ್ತವ್ಯ.

ವಿಲ್ಕ್ಸನು ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದ ಅಧಿಕಾರಿ. 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನ ಕಾರ್ಯವನ್ನು ನಿರ್ವಹಿಸಿದವನು. ದೇಶೀಯ ಬರಹಗಳೂ ಹಿಂದಿನ ಆಳ್ವಿಕೆಯನ್ನು ಕಣ್ಣಾರೆ ಕಂಡವರ ಹೇಳಿಕೆಗಳೂ ಅವನಿಗೆ ದೊರೆತುದಕ್ಕೆ ಈ ಪದವಿಯೇ ಬಹುಮಟ್ಟಿಗೆ ಕಾರಣ.

ಅದೇ ಪದವಿಯು ಅವನ ದೃಷ್ಟಿಗೆ ಎಲ್ಲೆಯನ್ನೂ ಹಾಕಿತು. ಗ್ರಂಥದ ಪೂರ್ಣ ಶೀರ್ಷಿಕೆಯನ್ನೇ ನೋಡಬಹುದು. ಅದು ಹಿಂದೂ ಪ್ರಭುತ್ವದ ಉಗಮದಿಂದ ಹೊರಟು, 1799ರಲ್ಲಿ ಮುಸಲ್ಮಾನ ರಾಜವಂಶದ ಅಳಿವಿನಲ್ಲಿ ನಿಲ್ಲುತ್ತದೆ. ಅಳಿದವರ ಉಲ್ಲೇಖ ಅಲ್ಲಿದೆ, ಅಳಿಸಿದವರ ಉಲ್ಲೇಖವಿಲ್ಲ. ಕಂಪನಿಯ ವಿಜಯವು ರಾಜಕೀಯ ಕೃತ್ಯವಾಗಿ ಕಾಣದೆ, ಕಥೆಯ ಸಹಜವಾದ ಮುಕ್ತಾಯವಾಗಿ ತೋರುತ್ತದೆ.

ಸಂಗತಿಗಳು ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಹೈದರನು ಒಡೆಯರ ಪೀಠವನ್ನು ತೆಗೆದುಹಾಕಲಿಲ್ಲ. ಟಿಪ್ಪುವು ತನ್ನನ್ನು ಬಾದಷಹನೆಂದು ಕರೆದುಕೊಂಡನೆಂಬುದು ದಿಟ. ಆದರೂ 1796ರವರೆಗೆ ಹೆಸರಿಗಾದರೂ ಒಡೆಯರೊಬ್ಬರಿದ್ದರು. ಟಿಪ್ಪುವಿನ ಹಿರಿಯ ಅಧಿಕಾರಿಯಾಗಿದ್ದ ಪೂರ್ಣಯ್ಯನೇ 1799ರ ಬಳಿಕ ದಿವಾನನಾಗಿ 1811ರವರೆಗೆ ಆಡಳಿತವನ್ನು ನಡೆಸಿದನು. ಮರಳಿ ಬಂದ ಅರಸುತನವಾದರೂ ಎಂತಹುದು? ಸಿಂಹಾಸನವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಆಗ ಸುಮಾರು 5 ವರ್ಷ; ಕಂಪನಿಗೆ ವರ್ಷಂಪ್ರತಿ ಸಲ್ಲಬೇಕಾದ ಪೊಗದಿ 7 ಲಕ್ಷ ಸ್ಟಾರ್ ಪಗೋಡಗಳು.

ಹಾಗೆಂದು ವಿಲ್ಕ್ಸನನ್ನು ಕಂಪನಿಯ ವಕೀಲನೆಂದು ತಳ್ಳಿಹಾಕುವುದು ನ್ಯಾಯವಲ್ಲ. ಭೂಮಿಯೆಲ್ಲವೂ ಅರಸನ ಸ್ವತ್ತೆಂಬ ಅಭಿಪ್ರಾಯವು ಅಧಿಕಾರಿಗಳಲ್ಲಿ ಹರಡಿದ್ದಾಗ, ಭೂಮಿಯ ಖಾಸಗಿ ಒಡೆತನವು ಈ ದೇಶದಲ್ಲಿ ಪೂರ್ವದಿಂದಲೂ ಇತ್ತೆಂದು ಅವನು ಒಂದು ಅಧ್ಯಾಯದಲ್ಲಿ ದೀರ್ಘವಾಗಿ ವಾದಿಸಿದನು. ಇದು ಧೈರ್ಯದ ಮಾತು. ಆದರೆ ಆ ಪ್ರಶ್ನೆಯೂ ಕಂದಾಯವನ್ನು ಯಾರಿಂದ, ಹೇಗೆ ವಸೂಲು ಮಾಡಬೇಕೆಂಬ ಆಡಳಿತದ ಚರ್ಚೆಯಲ್ಲಿ ಹುಟ್ಟಿದುದೆಂಬುದನ್ನು ಮರೆಯಲಾಗದು. ಅಧಿಕಾರದ ಅನುಭವವು ಉತ್ತರಗಳನ್ನು ಯಾವಾಗಲೂ ಕೆಡಿಸುವುದಿಲ್ಲ; ಯಾವ ಪ್ರಶ್ನೆ ಏಳಬೇಕು, ಯಾವುದು ಏಳಬಾರದು ಎಂಬುದನ್ನು ಮಾತ್ರ ಅದು ಮೊದಲೇ ಗೊತ್ತುಮಾಡುತ್ತದೆ.

ಈ ವಿಚಾರವು ವಿಲ್ಕ್ಸನೊಬ್ಬನಿಗೆ ಸಂಬಂಧಿಸಿದುದಲ್ಲ. ಅವನ ಕಾಲವಿಭಾಗವನ್ನು ಪರೀಕ್ಷಿಸದೆಯೇ ನಾವು ತರಗತಿಯಲ್ಲಿ ಹೇಳಿಕೊಟ್ಟರೆ, ರೆಸಿಡೆಂಟನ ಕಚೇರಿಯ ತೀರ್ಪನ್ನು ಪಾಠವೆಂದು ಒಪ್ಪಿಸಿದಂತಾಗುತ್ತದೆ. ವಿಲ್ಕ್ಸನನ್ನು ಓದೋಣ, ಅವನಿತ್ತ ಸಂಗತಿಗಳನ್ನು ಶಾಸನಗಳೊಡನೆಯೂ ಕಡತಗಳೊಡನೆಯೂ ತೂಗಿ ನೋಡೋಣ. ಅವನ ಶೀರ್ಷಿಕೆಯನ್ನು ಮಾತ್ರ ನಮ್ಮ ಅಧ್ಯಾಯಗಳಿಗೆ ಎರವಲು ತರದಿರೋಣ.