ಅತ್ತೆ ನಗದಿದ್ದ ದೃಶ್ಯ

ನಮ್ಮ ಅತ್ತೆಯವರಿಗೆ ಈಗ ಕಿವಿ ತೀರಾ ಮಂದ. ಟಿ.ವಿ. ಮುಂದೆ ಕೂತರೆ "ಏನಂದ್ನವಾ ಅಂವಾ?" ಎಂದು ಮಾತುಮಾತಿಗೆ ಕೇಳುತ್ತಾರೆ. ನಾನು ಕಿವಿಗೆ ಬಾಯಿ ಹಚ್ಚಿ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬ ಮಾತಾಡಿ ಮುಗಿಸಿರುತ್ತಾನೆ. ಅದಕ್ಕೇ ಹೋದ ಬೇಸಿಗೆ ರಜೆಯಲ್ಲಿ, ಬೇವೂರಿನ ನಮ್ಮ ಮನೆಯಲ್ಲಿ 'ಪುಷ್ಪಕ ವಿಮಾನ' ಹಾಕಿಸಿದೆ.

ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶಿಸಿದ 1987ರ ಚಿತ್ರ. ಬೆಂಗಳೂರಿನಲ್ಲಿ ತೆಗೆದದ್ದು. ಸಂಭಾಷಣೆಯೇ ಇಲ್ಲ. ಕೆಲಸವಿಲ್ಲದ ಯುವಕ ಕಮಲ ಹಾಸನ್, ಕುಡಿದು ಬಿದ್ದ ಶ್ರೀಮಂತನನ್ನು ತನ್ನ ಖೋಲಿಯಲ್ಲಿ ಕಟ್ಟಿಹಾಕಿ, ಅವನ ಜಾಗದಲ್ಲಿ ದೊಡ್ಡ ಹೋಟೆಲ್ಲಿನಲ್ಲಿ ಮೆರೆಯುತ್ತಾನೆ. ಕೊಲೆಗಾರನೊಬ್ಬ ಮಂಜುಗಡ್ಡೆಯ ಚೂರಿ ಹಿಡಿದು ಬಂದಾಗ ಅತ್ತೆಯವರು ನಮಗಿಂತ ಮೊದಲೇ ನಕ್ಕರು. ಎಷ್ಟು ದಿನಕ್ಕೆ!

ಆಮೇಲೆ ಆ ದೃಶ್ಯ ಬಂತು. ಹೋಟೆಲ್ಲಿನ ಮೆತ್ತನೆ ಹಾಸಿಗೆಯಲ್ಲಿ ಅವನಿಗೆ ನಿದ್ದೆ ಹತ್ತುವುದಿಲ್ಲ. ಹಳೆಯ ಖೋಲಿಯ ಪಕ್ಕ ಸಿನಿಮಾ ಟಾಕೀಸು. ಹೊಡೆದಾಟದ ಸದ್ದಿನಲ್ಲೇ ಮಲಗಿ ರೂಢಿ. ಹೋಗಿ ಆ ಗದ್ದಲವನ್ನು ಟೇಪಿನಲ್ಲಿ ತುಂಬಿಕೊಂಡು ಬಂದು ಹಾಕಿಕೊಳ್ಳುತ್ತಾನೆ, ಗಾಢ ನಿದ್ದೆ. ನಾವೆಲ್ಲ ನಕ್ಕೆವು. ಅತ್ತೆಯವರು ನಮ್ಮ ಮುಖ ನೋಡಿದರು. "ಯಾಕ ನಗಾಕತ್ತೀರಿ?"

ಚಿತ್ರದ ಅತ್ಯುತ್ತಮ ಹಾಸ್ಯವೇ ಅವರಿಗೆ ತಪ್ಪಿತು. ಸಿಂಗೀತಂ ತೆಗೆದುಹಾಕಿದ್ದು ಮಾತನ್ನು, ಸದ್ದನ್ನಲ್ಲ ಎಂಬುದು ನನಗೂ ಆಗಲೇ ಹೊಳೆದದ್ದು. ಚಾಪ್ಲಿನ್ನನೂ 1931ರ 'ಸಿಟಿ ಲೈಟ್ಸ್'ನಲ್ಲಿ ಹೀಗೇ ಮಾಡಿದ್ದ. ಮಾತಿನ ಸಿನಿಮಾ ಬಂದಾಗಿತ್ತು, ಅವನು ಮಾತು ಬೇಡವೆಂದ. ಆದರೆ ಪೀಪಿ ನುಂಗಿ ಬಿಕ್ಕಳಿಸಿದಾಗಲೆಲ್ಲ ಹೊಟ್ಟೆಯೊಳಗಿಂದ ಸೀಟಿ ಕೇಳಿಸುತ್ತದೆ. ಅಲ್ಲೂ ಒಬ್ಬ ಕುಡುಕ ಶ್ರೀಮಂತನಿದ್ದಾನೆ. ಅಮಲಿದ್ದಾಗ ಬಡವನನ್ನು ತಬ್ಬುತ್ತಾನೆ, ಅಮಲಿಳಿದರೆ ಗುರುತೇ ಇಲ್ಲ. ಚಾಪ್ಲಿನ್ನನ ಬಡವ ಆ ದಯೆಗೆ ಕಾಯುತ್ತಾನೆ. ಸಿಂಗೀತಂ ಅವರ ಬಡವ ಕಾಯದೆ ಕಸಿದುಕೊಳ್ಳುತ್ತಾನೆ. ನಮ್ಮ ನಿರುದ್ಯೋಗಿಯ ಸಿಟ್ಟು ಇದರಲ್ಲಿ ಹೆಚ್ಚು ನಿಜವಾಗಿದೆ. ಕಟ್ಟಿಹಾಕಿದವನ ಮಲವನ್ನು ಉಡುಗೊರೆಯಂತೆ ಪೊಟ್ಟಣ ಕಟ್ಟುವ ತಮಾಷೆ ಮಾತ್ರ ಅತಿಯಾಯಿತು. ನಾನು ಹಾಲು ನೋಡಲು ಎದ್ದುಹೋದೆ.

ಕೊನೆಯಲ್ಲಿ ಊರಿಗೆ ಹೊರಟ ಅಮಲಾ, ವಿಳಾಸದ ಚೀಟಿಯನ್ನು ಗುಲಾಬಿಗೆ ಸುತ್ತಿ ಅವನತ್ತ ಎಸೆಯುತ್ತಾಳೆ. ಚೀಟಿ ಗಾಳಿಗೆ ಹಾರಿಹೋಗುತ್ತದೆ, ಹೂವಷ್ಟೇ ಉಳಿಯುತ್ತದೆ. ನನಗೆ ಕಣ್ಣು ತುಂಬಿತ್ತು. ಅತ್ತೆಯವರು ಸಿಡುಕಿದರು: "ಬಾಯಿಬಿಟ್ಟು ಒಂದ್ ಮಾತು ಹೇಳಿ ಹೋಗಬಾರದಿತ್ತೇನವಾ ಆ ಹುಡುಗಿ?"

ಯೋಚಿಸಿದರೆ ಅವರದೇ ಸರಿ ಅನಿಸುತ್ತದೆ. ಅಷ್ಟು ಹೊತ್ತು ಮಾತಿನ ಅಗತ್ಯವೇ ಬಿದ್ದಿರಲಿಲ್ಲ. ಅಲ್ಲಿ ಬಿದ್ದಿತ್ತು. ಅಲ್ಲಿನ ಮೌನ ಹುಡುಗಿಯದಲ್ಲ, ನಿರ್ದೇಶಕರ ಹಟದ್ದು.