ಸುಳಿಗಾಳಿ ಮತ್ತು ಸುಳಿವ ಜಂಗಮ

ಅಕ್ಕಲಕೋಟೆಯ ಸೀಮೆಯಲ್ಲಿ ಜೋಳದ ರಾಶಿ ಕಂಡವರಿಗೆ ಗಾಳಿಯ ಗುಣವನ್ನು ಹೊಸದಾಗಿ ಹೇಳಬೇಕಿಲ್ಲ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣದ ಮಾತೇ. ಗಾಳಿ ಕಾಣದು, ಹೊಟ್ಟು ಹಾರಿದ ದಿಕ್ಕು ಕಾಣುತ್ತದೆ. ಜಪಾನಿನ ಹೊಕುಸಾಯ್ ತನ್ನ ‘ಫುಜಿ ಪರ್ವತದ ಮೂವತ್ತಾರು ನೋಟಗಳು’ ಎಂಬ ಮರದಚ್ಚಿನ ಚಿತ್ರಮಾಲೆಯಲ್ಲಿ ಬಿರುಗಾಳಿಯನ್ನು ತೋರಿಸಿದ್ದೂ ಹೀಗೆಯೇ. ಎಜಿರಿ ಎಂಬಲ್ಲಿ ದಾರಿ ನಡೆವ ಹೆಂಗಸೊಬ್ಬಳ ಕಾಗದಗಳು ಆಕಾಶಕ್ಕೆ ಚೆದರಿವೆ, ಒಬ್ಬನ ಟೊಪ್ಪಿಗೆ ಹಾರಿದೆ, ಮರ ಬಾಗಿದೆ. ಒಂದೇ ಗೆರೆಯಲ್ಲಿ ಬರೆದ ಫುಜಿ ಮಾತ್ರ ಅಲುಗದೆ ನಿಂತಿದೆ. ಇದಕ್ಕೂ ಹಿಂದೆ, ಹದಿನೇಳನೆಯ ಶತಮಾನದಲ್ಲಿ, ಸೋತಾತ್ಸು ಹೊಂಬಣ್ಣದ ಮಡಿಕೆ ತೆರೆಯ ಮೇಲೆ ಗಾಳಿದೇವರನ್ನು ಬರೆದು ಅವನ ಕೈಗೆ ಗಾಳಿಯ ಚೀಲವನ್ನು ಕೊಟ್ಟನು. ಆ ತೆರೆಯ ಸೊಬಗು ದೊಡ್ಡದು. ಆದರೆ ಅಧ್ಯಾತ್ಮದ ಮಾತಿಗೆ ಬಂದರೆ ಚೀಲಕ್ಕಿಂತ ಹಾರಿದ ಕಾಗದವೇ ಹೆಚ್ಚು ನುಡಿಯುತ್ತದೆಂದು ನಮ್ಮ ಅಭಿಪ್ರಾಯ. ಚೀಲಕ್ಕೆ ಒಡೆಯನುಂಟು.

ನಮ್ಮ ವಚನಕಾರರು ಗಾಳಿಯನ್ನು ಯಾವ ಮನುಷ್ಯನ ಒಡೆತನಕ್ಕೂ ಕೊಡಲಿಲ್ಲ. ನೇಕಾರನಾದ ಜೇಡರ ದಾಸಿಮಯ್ಯನು ಇಳೆ ಬೆಳೆಗಳ ಸಾಲಿನಲ್ಲಿ ವಾಯುವನ್ನೂ ಇಟ್ಟು, ಎಲ್ಲವೂ ಶಿವನ ದಾನವೆಂದನು. ಅದನ್ನುಂಡು ಅನ್ಯರನ್ನು ಹೊಗಳುವವರನ್ನು ಜರೆದನು. ಮಗ್ಗದ ಊರಾದ ಸೊಲ್ಲಾಪುರಕ್ಕೆ ಆ ಬೈಗುಳ ಆಪ್ತವಾಗಿಯೇ ಕೇಳಿಸೀತು! ಇನ್ನು ನುಡಿಯನ್ನೇ ನೋಡಿದರೆ, ಕನ್ನಡದಲ್ಲಿ ಗಾಳಿಯೂ ಸುಳಿಯುತ್ತದೆ, ಜಂಗಮನೂ ಸುಳಿಯುತ್ತಾನೆ. ಇಬ್ಬರಿಗೂ ಒಂದೇ ಕ್ರಿಯಾಪದ. ಒಂದೆಡೆ ನಿಲ್ಲದಿರುವುದು, ಹಾದುಹೋದಲ್ಲಿ ಏನನ್ನೋ ಕದಲಿಸುವುದು, ಕೈಗೆ ಸಿಗದಿರುವುದು, ಇಷ್ಟೂ ಆ ‘ಸುಳಿ’ಯಲ್ಲಿ ಅಡಗಿದೆ. ಚಿತ್ರಕಾರನು ಕುಂಚದಿಂದ ಸಾಧಿಸಿದ್ದನ್ನು ನಮ್ಮ ಭಾಷೆ ಒಂದು ಧಾತುವಿನಲ್ಲಿಯೇ ಇಟ್ಟುಕೊಂಡಿದೆ.

ಚೀನದ ತಾವೊ ಚಿಂತಕ ಜುವಾಂಗ್‌ಜಿಯ ಗ್ರಂಥದಲ್ಲಿ ಲಿಯೆಜಿ ಎಂಬವನು ಗಾಳಿಯನ್ನೇರಿ ಸಂಚರಿಸುತ್ತಾನೆ. ನಡೆಯುವ ಕಷ್ಟ ಅವನಿಗೆ ತಪ್ಪಿತು, ಆದರೂ ಗಾಳಿಯ ಆಸರೆ ತಪ್ಪಲಿಲ್ಲ ಎಂದು ಆ ಗ್ರಂಥ ಎತ್ತಿ ತೋರಿಸುತ್ತದೆ. ಇದನ್ನು ಓದುವಾಗ ನಮಗೆ ನೆನಪಾಗುವುದು ಶೂನ್ಯಸಂಪಾದನೆಯ ಸೊನ್ನಲಿಗೆ. ಸುಳಿಗಾಳಿಯಂತೆ ಬಂದ ಅಲ್ಲಮನು, ಕೆರೆ ಅಗೆಸುತ್ತಿದ್ದ ಸಿದ್ಧರಾಮನನ್ನು ಕೆಣಕುತ್ತಾನೆ. ಕೆರೆ, ಗುಡಿ, ಪುಣ್ಯಗಳ ಆಸರೆಯನ್ನೂ ಬಿಡಲಾರೆಯಾ ಎಂಬುದು ಆ ಕೆಣಕಿನ ತಿರುಳು. ಎರಡೂ ಒಂದೇ ತತ್ತ್ವವೆಂದು ಹೇಳಿಬಿಡುವುದು ಸುಲಭ. ನಾವು ಹಾಗೆ ಹೇಳಲಾರೆವು. ಲಿಯೆಜಿಯ ಹಿಂದೆ ಬಾಯಾರಿದ ಊರಿರಲಿಲ್ಲ. ಸಿದ್ಧರಾಮನ ಹಿಂದೆ ಇತ್ತು. ಅಲ್ಲಮನ ಜೊತೆಗೆ ಅವನು ಕಲ್ಯಾಣಕ್ಕೆ ಹೋದನು, ಕೆರೆ ಇಲ್ಲಿಯೇ ಉಳಿಯಿತು. ಸಿದ್ಧೇಶ್ವರ ಗುಡಿಯ ಸುತ್ತಲಿನ ಆ ನೀರಿನ ಮೇಲೆ ಸಂಜೆಯ ಗಾಳಿ ಇಂದಿಗೂ ತೆರೆ ಎಬ್ಬಿಸುತ್ತದೆ. ದಂಡೆಯಲ್ಲಿ ನಿಂತಾಗ ಅಲ್ಲಮನ ಮಾತು ನಿಜವೆನಿಸಿದರೂ ನಮ್ಮ ಮನಸ್ಸು ಸಿದ್ಧರಾಮನ ಕಡೆಗೇ ವಾಲುತ್ತದೆ.